ಒಂದೇ ಪಾತ್ರೆಯ ಮನೆ

ಮನೆಯಲ್ಲಿ ಇನ್ನು ಉಪ್ಪು ಬೇಡ ಎಂಬ ತೀರ್ಮಾನ ಒಂದು ಭಾನುವಾರ ಬೆಳಿಗ್ಗೆ, ನಾಲ್ವರೂ ಕೈ ಎತ್ತಿದ ಮೇಲೆ ಜಾರಿಗೆ ಬಂತು. ಕೈ ಎತ್ತಿಸಿದವಳು ಮಗಳು. ಪಂಪು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಅವಳ ಕೆಲಸ. ಕಾರ್ಮಿಕ ಸಂಘದ ಸಭೆಗಳಲ್ಲಿ ಕೂತು ಕೂತು, ಮನೆಯಲ್ಲಿ ಪಾತ್ರೆ ತೊಳೆಯುವ ಸರದಿಯನ್ನೂ ಠರಾವು ಮಾಡಿಯೇ ಹಂಚಬೇಕೆನ್ನುವ ಅಭ್ಯಾಸ ಅವಳಿಗೆ ಹತ್ತಿತ್ತು.

"ಅಪ್ಪನಿಗೊಂದು ಅಡುಗೆ, ನಮಗೊಂದು ಅಡುಗೆ. ಎಂಟು ತಿಂಗಳಿಂದ ನೋಡ್ತಾ ಇದೀನಿ. ಅಪ್ಪ ಇಲ್ಲಿ ಗೋಡೆ ನೋಡ್ಕೊಂಡು ಒಬ್ಬನೇ ಉಣ್ಣೋದು, ನಾವು ಅಡುಗೆಮನೆ ಬಾಗಿಲು ಹಾಕ್ಕೊಂಡು ಕಳ್ಳರ ಹಾಗೆ ಉಣ್ಣೋದು. ಈ ಮನೇಲೂ ಎರಡು ಪಾತ್ರೆನಾ?"

"ಡಾಕ್ಟ್ರು ಉಪ್ಪು ಬೇಡ ಅಂದಿದ್ದು ನಿಮ್ಮಪ್ಪನಿಗೆ ಕಣೇ, ಇಡೀ ಬೀದಿಗಲ್ಲ," ಎಂದಳು ತಾಯಿ.

"ಇಷ್ಟ ಇಲ್ದಿದ್ರೆ ಕೈ ಎತ್ತಬೇಡ. ಬಲವಂತ ಏನಿಲ್ಲ."

ತಾಯಿ ಗಂಡನ ಮುಖ ನೋಡಿದಳು, ಕೈ ಎತ್ತಿದಳು. ಅಪ್ಪನ ಅಮ್ಮ, ಅಜ್ಜಿ, ಎರಡೂ ಕೈ ಎತ್ತಿದಳು.

"ಒಬ್ಬರಿಗೆ ಒಂದೇ ಮತ ಅಜ್ಜಿ."

"ಇನ್ನೊಂದು ನಿಮ್ಮ ತಾತಂದು. ಸತ್ರೇನಂತೆ, ಅವರು ಯಾವತ್ತಿದ್ರೂ ನಮ್ಮ ಕಡೆ."

ಕೊನೆಗೆ ಅಪ್ಪನೂ ಬಲಗೈ ಎತ್ತಿದ. ಎಡಗೈ ಅವನದ್ದಾಗಿ ಉಳಿದಿರಲಿಲ್ಲ; ಅದು ಡಯಾಲಿಸಿಸ್ ಸೂಜಿಗೆ ಮೀಸಲು, ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ. ಉಪ್ಪಿನ ಡಬ್ಬಿ ಪಕ್ಕದ ಮನೆಯ ವಾಚ್ ರಿಪೇರಿಯವನ ಹೆಂಡತಿಯ ಪಾಲಾಯಿತು.

ಎರಡು ಪಾತ್ರೆ ಎಂಬುದು ಆ ಮನೆಯಲ್ಲಿ ಬೈಗುಳ. ಹತ್ತೊಂಬತ್ತು ವರ್ಷದ ಹಿಂದೆ ಪಂಪು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎರಡು ಪಾತ್ರೆಗಳಿದ್ದವು. ಒಂದರಲ್ಲಿ ಅಧಿಕಾರಿಗಳಿಗೆ ಗಟ್ಟಿ ಬೇಳೆ, ಇನ್ನೊಂದರಲ್ಲಿ ಕೆಲಸಗಾರರಿಗೆ ಬೇಳೆ ತೊಳೆದ ನೀರಿನಂಥದ್ದು. ಒಂದು ಮಧ್ಯಾಹ್ನ, ಅಲ್ಲಿ ತರಕಾರಿ ಹೆಚ್ಚುತ್ತಿದ್ದ ಅಜ್ಜಿ ಗಟ್ಟಿ ಬೇಳೆಯ ಪಾತ್ರೆಗೆ ಮುಚ್ಚಳ ಹಾಕಿ, ಅದರ ಮೇಲೆ ಗೋಣಿಚೀಲ ಮಡಚಿಟ್ಟು ಕೂತುಬಿಟ್ಟಳು. ಏಳು ಅಂದರೆ ಏಳಲಿಲ್ಲ. ಆಮೇಲೆ ಹನ್ನೊಂದು ದಿನ ಮುಷ್ಕರ. ಹನ್ನೆರಡನೇ ದಿನದಿಂದ ಒಂದೇ ಪಾತ್ರೆ. ಮಗಳು ಆ ಕಥೆ ಕೇಳಿಕೊಂಡೇ ಬೆಳೆದವಳು.

ಅದೇ ಕ್ಯಾಂಟೀನಿನಲ್ಲಿ ಅಪ್ಪ ಮೂವತ್ತೊಂದು ವರ್ಷ ಅಡುಗೆ ಮಾಡಿದ್ದ. ಹದಿನೇಳನೇ ವಯಸ್ಸಿಗೆ ಒಲೆ ಮುಂದೆ ನಿಂತವನಿಗೆ ಕಾರ್ಖಾನೆಯಲ್ಲಿ ಸೌಟಣ್ಣ ಎಂಬ ಹೆಸರೇ ಗಟ್ಟಿಯಾಯಿತು. ಒಂದು ಪಾಳಿಗೆ ಮುನ್ನೂರು ಜನ, ತಗಡಿನ ಸೂರು, ನಾಲ್ಕು ಒಲೆ, ತೆರೆಯಲು ಬಾರದ ಒಂದು ಕಿಟಕಿ. ಶೌಚಾಲಯ ಹಿಂದಿನ ಗೇಟಿನ ಹತ್ತಿರ. ಹೋಗಿ ಬರಲು ಕಾಲು ಗಂಟೆ, ಆ ಕಾಲು ಗಂಟೆಗೆ ಬೈಗುಳ. ಅದಕ್ಕೇ ಅಡುಗೆಯವರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಹಬೆ ಹೊರಗೆ ಹಾಕಲು ಒಂದು ಫ್ಯಾನು ಕೊಡಿ ಎಂದು ಅರ್ಜಿ ಬರೆದರೆ ಗುತ್ತಿಗೆದಾರ ಮೇಜಿನ ಮೇಲೆ ಒಂದು ಗಾಜಿನ ಭರಣಿ ತಂದಿಟ್ಟ. ಭರಣಿ ತುಂಬ ಬಿಳಿ ನೋವಿನ ಮಾತ್ರೆ. ತಲೆ ಸಿಡಿದರೆ ಎರಡು, ಸೊಂಟ ಹಿಡಿದರೆ ಎರಡು. ಗುತ್ತಿಗೆದಾರರು ಮೂವರು ಬದಲಾದರು, ಭರಣಿ ಬದಲಾಗಲಿಲ್ಲ, ಅದು ಖಾಲಿಯಾದದ್ದನ್ನು ಯಾರೂ ನೋಡಲಿಲ್ಲ. ಆ ಮಾತ್ರೆ, ಆ ನೀರಿಲ್ಲದ ದಿನಗಳು ಸೇರಿ ಎರಡೂ ಕಿಡ್ನಿ ಕೈಕೊಟ್ಟ ದಿನ ಪರಿಹಾರಕ್ಕೆಂದು ಹುಡುಕಿ ನೋಡಿದರೆ ಸೌಟಣ್ಣನ ಹೆಸರು ಕಾರ್ಖಾನೆಯ ಪಟ್ಟಿಯಲ್ಲೂ ಇಲ್ಲ, ಗುತ್ತಿಗೆದಾರನ ಪಟ್ಟಿಯಲ್ಲೂ ಇಲ್ಲ. ಮೂವತ್ತೊಂದು ವರ್ಷ ಮುನ್ನೂರು ಜನರ ಹೊಟ್ಟೆಗೆ ಹಾಕಿದವನು ಕಾಗದದ ಮೇಲೆ ಹುಟ್ಟಿಯೇ ಇರಲಿಲ್ಲ.

ಒಂದೇ ಪಾತ್ರೆಯ ಮೊದಲ ವಾರ ಮನೆಯಲ್ಲಿ ಗಲಾಟೆಯೋ ಗಲಾಟೆ. ನಾಲ್ವರೂ ಒಟ್ಟಿಗೆ ಕೂತು ಉಣ್ಣುತ್ತಿದ್ದರು.

"ಏನಮ್ಮಾ ಇದು, ಆಲೂಗಡ್ಡೆ ಆಸ್ಪತ್ರೆಗೆ ಸೇರಿದ ಹಾಗಿದೆ," ಎಂದಳು ಮಗಳು.

"ಠರಾವು ಮಾಡಿದವಳು ನೀನು. ತೆಪ್ಪಗೆ ನುಂಗು."

"ನಿಂಬೆಹಣ್ಣು ಹಿಂಡಿಕೊಳ್ಳಿ, ನಾಲಿಗೆಗೆ ಮೋಸ ಮಾಡಬಹುದು," ಎಂದ ಸೌಟಣ್ಣ. "ಮೆಣಸು ಕೊನೆಗೆ ಹಾಕು, ಮೊದಲೇ ಹಾಕಿದ್ರೆ ಘಾಟು ಹೋಗುತ್ತೆ. ಬೆಳ್ಳುಳ್ಳಿ ಜಜ್ಜಬೇಡ, ಸುಡು."

"ಆಹಾ, ಬಾಯಿ ಬಂತು ನೋಡಿ ನಿಮಗೆ! ಎಂಟು ತಿಂಗಳಿಂದ ಬರೀ ಹ್ಞೂಂ, ಉಹೂಂ ಅಂತಿದ್ರಿ," ಎಂದಳು ಹೆಂಡತಿ. ಬೈಯುತ್ತಲೇ ಅವನ ತಟ್ಟೆಗೆ ಇನ್ನೊಂದು ಹುಟ್ಟು ಅನ್ನ ಬಡಿಸಿದಳು. ಅವನು ಬೇಡವೆನ್ನಲಿಲ್ಲ.

ಅಜ್ಜಿ ನಗುತ್ತಿದ್ದಳು. ಅವಳು ತುತ್ತು ಕಟ್ಟುವುದು ಎಲ್ಲರಿಗೂ ಕಾಣುತ್ತಿತ್ತು. ಆ ತುತ್ತು ಎಲ್ಲಿ ಹೋಗುತ್ತಿತ್ತು ಎಂಬುದನ್ನು ಯಾರೂ ನೋಡಲಿಲ್ಲ.

ಎರಡನೇ ವಾರದಿಂದ ಮಗಳ ಮಧ್ಯಾಹ್ನದ ಊಟ ಕಾರ್ಖಾನೆಯ ಕ್ಯಾಂಟೀನಿನಲ್ಲೇ. ಮೊದಲು ಬುತ್ತಿ ಒಯ್ಯುತ್ತಿದ್ದವಳು ಭಾರ ಎಂದು ಬಿಟ್ಟಳು. ಅಲ್ಲಿ ಉಪ್ಪಿತ್ತು. ಹೆಂಡತಿಗೆ ದರ್ಜಿ ಅಂಗಡಿಯಲ್ಲಿ ಕಾಜಾ ಮಾಡಿ ಗುಂಡಿ ಹಚ್ಚುವ ಕೆಲಸ. ಬಸ್ ನಿಲ್ದಾಣದ ಪಕ್ಕದ ತಳ್ಳುಗಾಡಿಯಲ್ಲಿ ಅವಳು ದಿನಾ ಕರಿದ ಆಲೂಗಡ್ಡೆಯ ಪೊಟ್ಟಣ ತೆಗೆದುಕೊಂಡು, ಅಂಗಡಿಗೆ ತಲುಪುವುದರೊಳಗೆ ಮುಗಿಸಿ, ಕೈ ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು. ಇಬ್ಬರೂ ಇದನ್ನು ಮನೆಯಲ್ಲಿ ಹೇಳಲಿಲ್ಲ. ಹೇಳುವಂಥ ವಿಷಯವೂ ಅಲ್ಲ ಅನ್ನಿಸಿತ್ತು. ಸೌಟಣ್ಣನಿಗೆ ಅದೇ ಊಟ ಔಷಧ. ಮೂರು ಹೊತ್ತೂ ಆ ಮನೆಯ ಪಾತ್ರೆಯನ್ನೇ ನಂಬಿ ಕೂತವಳು, ಔಷಧವಾಗಿಯೂ ಅಲ್ಲದೆ ಆಸೆಯಾಗಿಯೂ ಅಲ್ಲದೆ ಅದನ್ನೇ ಉಣ್ಣಬೇಕಾದವಳು, ಹೊಸ್ತಿಲು ದಾಟಲು ಮಂಡಿ ಬಿಡದ ಅಜ್ಜಿ ಒಬ್ಬಳೇ. ಸಮಾನತೆಯ ಪೂರ್ತಿ ಹೊರೆ ಹೊರುವುದು ಎಲ್ಲ ಕಡೆಯೂ ಹೀಗೇ, ಬೇರೆಲ್ಲೂ ಹೋಗಲಾರದವರು.

ಮೂರನೇ ವಾರ ಸೌಟಣ್ಣ ಅಜ್ಜಿಯ ತಟ್ಟೆ ನೋಡಿದ.

ಕ್ಯಾಂಟೀನಿನಲ್ಲಿ ಅವನು ಹೊಗಳಿಕೆ ನಂಬುತ್ತಿರಲಿಲ್ಲ, ವಾಪಸು ಬರುವ ತಟ್ಟೆ ನಂಬುತ್ತಿದ್ದ. ಅನ್ನವನ್ನು ಅಂಚಿಗೆ ಒತ್ತಿ ಮೇಲೆ ಬೇಳೆ ಸವರಿದರೆ ಉಂಡ ಹಾಗೆ ಕಾಣುತ್ತದೆ. ಅದು ಬೈಗುಳಕ್ಕೆ ಹೆದರಿ ಬಿಡುವವರ ಉಪಾಯ. ಅಗಿದು ಬಿಟ್ಟ ತರಕಾರಿ ಸಿಪ್ಪೆಯ ಕೆಳಗೆ ಅನ್ನ ಹುಗಿದಿದ್ದರೆ ಅದು ಹಳಬರ ಉಪಾಯ. ಅಜ್ಜಿಯ ತಟ್ಟೆಯಲ್ಲಿ ಎರಡೂ ಇದ್ದವು. ಅವನು ತಟ್ಟೆಯನ್ನು ಕಸದ ಬುಟ್ಟಿಗೆ ಬಡಿದ, ತೊಳೆದು ಬೋರಲು ಹಾಕಿದ. ಮರುದಿನವೂ ನೋಡಿದ. ಅದರ ಮರುದಿನ ನೋಡಲಿಲ್ಲ, ನೋಡದೆ ತೊಳೆದ.

ಒಂದು ಮಾತು ಸಾಕಿತ್ತು. ಅಮ್ಮನಿಗೆ ಉಪ್ಪು ಹಾಕಿ ಬೇರೆ ಮಾಡಿ ಅಂದಿದ್ದರೆ ಆಗುತ್ತಿತ್ತು. ಆದರೆ ಅಮ್ಮನಿಗೆ ಬೇರೆ ಅಂದರೆ ನಾಳೆ ಮಗಳಿಗೂ ಬೇರೆ, ನಾಡಿದ್ದು ಹೆಂಡತಿಗೂ ಬೇರೆ. ಮತ್ತೆ ಆ ಗೋಡೆ.

ಹೆಂಡತಿಗೆ ಕಂಡದ್ದು ಅತ್ತೆಯ ಕೈಬಳೆ ಮೊಣಕೈವರೆಗೆ ಜಾರುವುದು.

"ಅತ್ತೆ, ಸರಿಯಾಗಿ ಉಣ್ತಾ ಇಲ್ಲ ನೀವು. ಏನಾಗಿದೆ?"

"ಈ ವಯಸ್ಸಲ್ಲಿ ಎಷ್ಟು ಬೇಕೇ? ನಾನೇನು ಗದ್ದೆ ಉಳಬೇಕಾ?"

"ಉಪ್ಪಿಲ್ದೆ ಸೇರ್ತಿಲ್ಲ ಅಂದ್ರೆ ಹೇಳಿ. ನಿಮಗೊಂದು ಚಿಟಿಕೆ ಬೇರೆ ಹಾಕ್ತೀನಿ. ನಿಮ್ಮ ಮೊಮ್ಮಗಳೇನು ನನ್ನ ಜೈಲಿಗೆ ಹಾಕಲ್ಲ."

"ಸುಮ್ನಿರು. ನನ್ನ ಮಗ ಉಣ್ಣೋದು ನಾನು ಉಣ್ಣಲಾರೆನಾ?"

ಸೌಟಣ್ಣ ಪಕ್ಕದ ಕೋಣೆಯಲ್ಲಿ ಮಲಗಿದ್ದ. ಇವತ್ತಿನ ನೀರು ಎಂದು ಗೆರೆ ಎಳೆದ ಬಾಟಲಿಯ ಕಡೆ ನೋಡುತ್ತಾ ಎಲ್ಲವನ್ನೂ ಕೇಳಿಸಿಕೊಂಡ. ಹೆಂಡತಿ ಒಳಗೆ ಬಂದು, "ನೀವಾದ್ರೂ ನಿಮ್ಮಮ್ಮನಿಗೆ ಹೇಳಬಾರದಾ? ನನ್ನ ಮಾತು ಎಲ್ಲಿ ಕೇಳ್ತಾರೆ," ಎಂದಳು.

"ಹೇಳ್ತೀನಿ," ಎಂದ. ಹೇಳಲಿಲ್ಲ.

ಐದನೇ ವಾರ ಅಜ್ಜಿ ಕ್ಯಾಂಟೀನಿನ ಮಾತು ಶುರು ಮಾಡಿದಳು.

ಅದುವರೆಗೆ ಅವಳು ಆ ಮುಚ್ಚಳದ ಕಥೆ ಬಿಟ್ಟು ಅಲ್ಲಿನ ಬೇರೆ ಏನನ್ನೂ ಹೇಳಿದವಳಲ್ಲ. ಸೋಮವಾರ ಮಧ್ಯಾಹ್ನ, ಮನೆಯಲ್ಲಿ ಇಬ್ಬರೇ ಇದ್ದಾಗ, ಗೋಡೆಗೆ ಒರಗಿ ಕೂತವಳು ಇದ್ದಕ್ಕಿದ್ದ ಹಾಗೆ, "ಎರಡನೇ ಪಾಳಿ ಬರೋ ಹೊತ್ತಾಯ್ತು ಕಣೋ, ಈರುಳ್ಳಿ ಇನ್ನೂ ಎರಡು ಬುಟ್ಟಿ ಹಾಗೇ ಇದೆ," ಎಂದಳು.

ಸೌಟಣ್ಣನಿಗೆ ನಗು ಬಂತು. "ಹೌದಲ್ಲಮ್ಮ. ಯಾರು ಹೆಚ್ಚಬೇಕಿತ್ತು?"

"ಆ ಕುಂಟ ಫಿಟ್ಟರ್ ಹೆಂಡತಿ. ಬರಲ್ಲ ಅವಳು, ಗಂಡ ಹೊಡೆದಿದಾನೆ."

"ಫಿಟ್ಟರ್! ಅಬ್ಬಾ, ಅವನನ್ನ ನಾನು ಮರೆತೇಬಿಟ್ಟಿದ್ದೆ. ಬೆಲ್ಲ ಕದೀತಿದ್ನಲ್ಲ?"

"ಚಡ್ಡಿ ಜೇಬಲ್ಲಿ. ಬೆಲ್ಲ ಕರಗಿ ಇರುವೆ ಮುತ್ತಿದಾಗ ಇಡೀ ಶೆಡ್ಡು ಸುತ್ತಿ ಕುಣಿದ್ನಲ್ಲೋ!"

ಇಬ್ಬರೂ ನಕ್ಕರು. ಆ ಮಧ್ಯಾಹ್ನ, ಮಾರನೇ ದಿನ ಡಯಾಲಿಸಿಸ್ ಮುಗಿಸಿ ಸುಸ್ತಾಗಿ ಬಂದ ಸಂಜೆ, ಆಮೇಲಿನ ಎರಡು ಮಧ್ಯಾಹ್ನ ತಾಯಿ ಮಗ ಹೀಗೇ ಕೂತಿದ್ದರು. ದೊಡ್ಡ ಪಾತ್ರೆಗೆ ಉಪ್ಪು ಹಾಕುವಾಗ ಸೌಟಿನಲ್ಲಿ ಅಳೆಯಬಾರದು, ಹಿಡಿಯಲ್ಲಿ ತೆಗೆದು ಸುತ್ತಲೂ ಎರಚಬೇಕು ಎಂದು ಅವಳು ಕೈ ಮಾಡಿ ತೋರಿಸಿದಳು. ಹಬೆಯಲ್ಲಿ ಮುಖ ಕಾಣದಿದ್ದಾಗ ಅಡುಗೆಯವರು ಒಬ್ಬರನ್ನೊಬ್ಬರು ಕೆಮ್ಮಿನಿಂದಲೇ ಗುರುತಿಸುತ್ತಿದ್ದುದನ್ನು ಇವನು ನೆನಪಿಸಿದ. ಅವಳು ಆ ಕೆಮ್ಮುಗಳನ್ನೆಲ್ಲ ಒಂದೊಂದಾಗಿ ಕೆಮ್ಮಿ ತೋರಿಸಿದಳು. ಒಂಬತ್ತು ತಿಂಗಳಲ್ಲಿ ಅಷ್ಟು ಸುಖದ ಹೊತ್ತು ಅವನಿಗೆ ಸಿಕ್ಕಿರಲಿಲ್ಲ. ಕಾಯಿಲೆ ಅವನಿಂದ ಒಲೆ ಕಿತ್ತುಕೊಂಡಿತ್ತು, ಅಮ್ಮ ಅದನ್ನು ಮರಳಿ ಕೊಡುತ್ತಿದ್ದಾಳೆ ಅನ್ನಿಸಿತು.

"ಅಜ್ಜಿ ನನ್ನನ್ನ ಮೇಡಂ ಅಂದ್ಳು ಅಪ್ಪ," ಎಂದಳು ಮಗಳು ಬುಧವಾರ. "ಲೆಕ್ಕಕ್ಕೆ ಸಹಿ ಹಾಕಿ ಮೇಡಂ ಅಂತ."

"ಹಳೇದೆಲ್ಲ ನೆನಪು ಮಾಡ್ಕೊಳ್ತಿದಾಳೆ. ತಮಾಷೆ ಮಾಡಿರ್ತಾಳೆ."

"ನಡೆಯುವಾಗ ಗೋಡೆ ಹಿಡ್ಕೊಳ್ತಿದಾರೆ," ಎಂದಳು ಹೆಂಡತಿ.

"ಮಂಡಿನೋವು ಹೊಸದಾ ಅವಳಿಗೆ?"

ಶುಕ್ರವಾರ ಬೆಳಿಗ್ಗೆ ಅಜ್ಜಿ ಬಚ್ಚಲಲ್ಲಿ ಬಿದ್ದಳು. ಬಿದ್ದವಳು ಕೂಗಲೂ ಇಲ್ಲ. ಹೆಂಡತಿ ಬಾಗಿಲು ಒತ್ತಿ ನೋಡಿದಾಗ ನೆಲದ ಮೇಲೆ ಒಂದು ಮಗ್ಗಲಾಗಿ, ಈರುಳ್ಳಿ ಹೆಚ್ಚುವ ಹಾಗೆ ಬೆರಳಾಡಿಸುತ್ತಿದ್ದಳು.

ಒಂದೇ ಆಸ್ಪತ್ರೆ. ಮೇಲಿನ ಮಹಡಿಯಲ್ಲಿ ಮಗನಿಗೆ ಡಯಾಲಿಸಿಸ್, ಕೆಳಗಿನ ಮಹಡಿಯಲ್ಲಿ ತಾಯಿಯ ಸೊಂಟಕ್ಕೆ ಎಕ್ಸ್‌ರೇ. ನಾಲ್ಕು ಗಂಟೆ ಯಂತ್ರಕ್ಕೆ ಕಟ್ಟಿಕೊಂಡು ಮಲಗಿದ್ದವನು ಕೈಗೆ ಹತ್ತಿ ಒತ್ತಿಕೊಂಡೇ ಮೆಟ್ಟಿಲು ಇಳಿದು ಬಂದ. ಡಾಕ್ಟರು ಚಿಕ್ಕ ಹುಡುಗಿ, ಮಗಳಿಗಿಂತ ಎರಡು ವರ್ಷ ದೊಡ್ಡವಳಿರಬಹುದು.

"ಸೊಂಟದ ಮೂಳೆ ಮುರಿದಿದೆ. ಅದು ಆಮೇಲೆ. ರಕ್ತದಲ್ಲಿ ಸೋಡಿಯಂ ತುಂಬಾ ಇಳಿದುಹೋಗಿದೆ. ಉಪ್ಪಿನಂಶ. ಇವರಿಗೆ ಬಿಪಿ ಮಾತ್ರೆ ಇದೆಯಲ್ಲ? ಅದು ಮೂತ್ರದಲ್ಲಿ ಉಪ್ಪು ಹೊರಗೆ ಹಾಕೋ ಮಾತ್ರೆ. ಊಟದಲ್ಲಿ ಉಪ್ಪು ಹಾಕ್ತಿರ್ಲಿಲ್ವಾ?"

"ನಮ್ಮನೇಲಿ ಯಾರಿಗೂ ಹಾಕಲ್ಲ," ಎಂದಳು ಮಗಳು. "ಅಪ್ಪನಿಗೆ ಕಿಡ್ನಿ ತೊಂದರೆ. ಅದಕ್ಕೆ ಎಲ್ಲರೂ ಅದನ್ನೇ ತಿಂತೀವಿ. ನಮಗೇನೂ ಆಗಿಲ್ಲವಲ್ಲ ಡಾಕ್ಟ್ರೇ?"

"ಮೂರು ಹೊತ್ತೂ ಅದನ್ನೇ?"

ಮಗಳು ಅಮ್ಮನ ಕಡೆ ತಿರುಗಿದಳು. ಹೆಂಡತಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

"ಎಷ್ಟು ದಿನದಿಂದ ಹೀಗೆ ಅಸಂಬದ್ಧ ಮಾತಾಡ್ತಿದಾರೆ?"

"ಅಸಂಬದ್ಧ ಏನಿಲ್ಲ," ಎಂದ ಸೌಟಣ್ಣ. "ನಾಲ್ಕು ದಿನದಿಂದ... ಚೆನ್ನಾಗಿ ಮಾತಾಡ್ತಿದ್ಳು. ಹಳೇದೆಲ್ಲ."

"ಅದು ಕಾಯಿಲೆ," ಎಂದಳು ಡಾಕ್ಟರು. "ಸೋಡಿಯಂ ಇಳಿದಾಗ ತಲೆ ಹಾಗಾಗುತ್ತೆ. ಮೊದಲನೇ ದಿನಾನೇ ಕರ್ಕೊಂಡು ಬಂದಿದ್ರೆ ಬೀಳ್ತಿರ್ಲಿಲ್ಲ."

ಡಾಕ್ಟರು ಹೋದ ಮೇಲೆ ಪಡಸಾಲೆಯ ಬೆಂಚಿನ ಮೇಲೆ ಮೂವರೂ ಕೂತರು.

"ನಾನು ದಿನಾ ಕ್ಯಾಂಟೀನಲ್ಲಿ ಉಣ್ತೀನಿ," ಎಂದಳು ಮಗಳು.

"ಗೊತ್ತು. ನಿನ್ನ ಬುತ್ತಿ ಡಬ್ಬಿ ತೊಳೆದು ತಿಂಗಳಾಯ್ತು," ಎಂದಳು ಹೆಂಡತಿ. "ನಾನೂ ದಾರೀಲಿ ಆಲೂಗಡ್ಡೆ ತಿಂತೀನಿ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಯಾಕೆ ಹೇಳ್ಲಿಲ್ಲ? ಕೈ ಎತ್ತಿಸಿದವಳು ನೀನು! ಮುಷ್ಕರ ಅಂತೆ, ಒಂದೇ ಪಾತ್ರೆ ಅಂತೆ! ಮುದುಕಿ ಹೊಟ್ಟೆಗೂ ಠರಾವು!"

"ಬೈ ಅಮ್ಮ. ಇನ್ನೂ ಬೈ. ನಂದೇ ತಪ್ಪು. ನಾನೇ ಅವಳನ್ನ ಬೀಳಿಸಿದ್ದು." ಮಗಳು ದುಪಟ್ಟಾದಲ್ಲಿ ಮೂಗು ಒರೆಸಿಕೊಂಡಳು. "ಒಂದು ಸಲ ಆ ತಟ್ಟೆ ನೋಡಿದ್ರೂ ಗೊತ್ತಾಗ್ತಿತ್ತು. ಒಬ್ರೂ ನೋಡ್ಲಿಲ್ಲ ನಾವು."

ಸೌಟಣ್ಣ ಎಡಗೈಯ ಹತ್ತಿಯನ್ನು ಒತ್ತಿಕೊಂಡು ಕೂತಿದ್ದ. ರಕ್ತ ನಿಂತು ಎಷ್ಟೋ ಹೊತ್ತಾಗಿತ್ತು, ಆದರೂ ಒತ್ತುತ್ತಲೇ ಇದ್ದ. ಇದು ಮಾತಾಡುವ ಹೊತ್ತು ಎಂದು ಅವನಿಗೆ ಗೊತ್ತಿತ್ತು. ಮಗಳು ಅಳುತ್ತಿದ್ದಳು, ಅವನು ಅಳಲು ಬಿಟ್ಟ.

ಹದಿನೆಂಟು ದಿನಕ್ಕೆ ಅಜ್ಜಿ ಮನೆಗೆ ಬಂದಳು. ಮಾತು ತಿಳಿಯಾಗಿತ್ತು, ಕಾಲು ಬರಲಿಲ್ಲ. ಒಳಕೋಣೆಯಲ್ಲಿ ಮಂಚ, ಮಂಚದ ಪಕ್ಕ ಬೆಡ್‌ಪ್ಯಾನು. ಹೆಂಡತಿ ಕೆಲಸಕ್ಕೆ ತಡವಾಗಿ ಹೋಗತೊಡಗಿದಳು. ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ದರ್ಜಿ ಎರಡು ಸಲ ಹೇಳಿದ್ದ. ಮಗಳು ಸಂಘದ ಸಭೆಗೆ ಹೋಗುವುದನ್ನು ಬಿಟ್ಟು ಬೆಳಿಗ್ಗೆ ಐದಕ್ಕೆದ್ದು ಅಡುಗೆ ಮಾಡುತ್ತಿದ್ದಳು. ಒಲೆಯ ಮೇಲೆ ಈಗ ಎರಡು ಪಾತ್ರೆ.

ಒಂದು ಗುರುವಾರ, ಮಗಳಿಗೆ ಬೆಳಗಿನ ಪಾಳಿ, ಹೆಂಡತಿ ಬಟ್ಟೆ ಒಗೆಯಲು ಕೂತಿದ್ದಳು. ಸೌಟಣ್ಣ ಕೇಳದೆ ಅಡುಗೆಮನೆಗೆ ಹೋದ. ಅನ್ನವನ್ನು ಮೆತ್ತಗೆ ಬೇಯಿಸಿ, ಬೇಳೆ ಮಸೆದು, ಬೆಳ್ಳುಳ್ಳಿ ಸುಟ್ಟು ಹಾಕಿದ. ಹೊಸ ಉಪ್ಪಿನ ಡಬ್ಬಿಯಿಂದ ಮೂರು ಬೆರಳಲ್ಲಿ ತೆಗೆದು ಹಾಕಿದ. ರುಚಿ ನೋಡುವ ಹಾಗಿಲ್ಲ. ಹಬೆಗೆ ಮೂಗು ಹಿಡಿದ, ಉಪ್ಪಿಗೆ ವಾಸನೆಯಿಲ್ಲ.

"ನೀನು ಮಾಡಿದ್ದಾ?" ಎಂದಳು ಅಜ್ಜಿ, ತಟ್ಟೆ ನೋಡಿಯೇ.

"ಹೇಗೆ ಗೊತ್ತಾಯ್ತು?"

"ಅಂಚು ಒರೆಸಿದೀಯ. ಅವರಿಬ್ಬರೂ ಒರೆಸಲ್ಲ."

ಅವನು ಮಂಚದ ತುದಿಯಲ್ಲಿ ಕೂತು ಚಮಚದಲ್ಲಿ ಕೊಟ್ಟ. ಎರಡು ತುತ್ತು ಒಳಗೆ ಹೋದವು. ಹಳೆಯ ಖುಷಿಗೆ, "ಅಮ್ಮಾ, ಆ ಫಿಟ್ಟರ್ ಚಡ್ಡಿ ಕಥೆ ಮತ್ತೆ ಹೇಳೇ," ಎಂದ.

"ಯಾವ ಫಿಟ್ಟರು?"

"ಬೆಲ್ಲ ಕದ್ದವನು. ನಾಲ್ಕು ದಿನ ಕೂತು ಹೇಳಿದೆಯಲ್ಲ, ಬೀಳೋ ಮುಂಚೆ. ಎಷ್ಟು ನಕ್ವಿ."

ಅಜ್ಜಿ ಅವನನ್ನೇ ನೋಡಿದಳು. "ಅದನ್ನೆಲ್ಲ ನಾನು ಹೇಳಿದ್ನಾ? ಖುಷಿಯಾಗಿ?"

"ಹ್ಞೂಂ."

"ತಲೆ ಕೆಟ್ಟಿದ್ದಕ್ಕೆ ಹೇಳಿರಬೇಕು. ಆ ಹೊಗೆಗೂಡನ್ನ ನಾನು ನೆನೆಸಿಕೊಂಡು ನಗ್ತೀನಾ? ಮೀಸೆ ಚಿಗುರದ ಹುಡುಗನ್ನ ಕೈ ಹಿಡಿದು ಕರ್ಕೊಂಡು ಹೋಗಿ ಆ ಒಲೆ ಮುಂದೆ ನಿಲ್ಲಿಸಿದವಳು ನಾನು. ಲಾರಿ ಕಲೀತೀನಮ್ಮ ಅಂತ ಅಂಗಲಾಚಿದ್ದೆ ನೀನು. ಬೇಡ, ಇಲ್ಲಾದ್ರೆ ಎರಡು ಹೊತ್ತು ಊಟ ಇರುತ್ತೆ ಅಂದೆ. ಆ ಭರಣಿಯಿಂದ ಮೊದಲನೇ ಮಾತ್ರೆ ತಂದು ನಿನ್ನ ಬಾಯಿಗೆ ಹಾಕಿದವಳೂ ನಾನೇ. ತಲೆನೋವು ಅಂತ ಅಳ್ತಿದ್ದೆ." ಅವಳು ಉಸಿರು ತೆಗೆದುಕೊಂಡಳು. "ನಿನ್ನ ಬಾಯಿಂದ ಉಪ್ಪು ಹೋದ ಮೇಲೆ ನನ್ನ ಬಾಯಿಗೆ ಯಾಕೆ ಅಂತ ಇದ್ದೆ. ಅವಳ ಒಂದೇ ಪಾತ್ರೆಗಲ್ಲ ಕಣೋ ನಾನು ಕೈ ಎತ್ತಿದ್ದು."

ಒಗೆಯುವ ಕಲ್ಲಿನ ಸದ್ದು ನಿಂತಿತ್ತು. ಬಾಗಿಲಲ್ಲಿ ಹೆಂಡತಿ ಒದ್ದೆ ಕೈಯಲ್ಲಿ ನಿಂತಿದ್ದಳು.

ಸೌಟಣ್ಣ ಚಮಚವನ್ನು ತಟ್ಟೆಯಲ್ಲಿಟ್ಟ.

"ಅಮ್ಮ, ನಿನ್ನ ತಟ್ಟೆ ನಾನು ನೋಡಿದ್ದೆ. ಮೂರನೇ ವಾರದಲ್ಲೇ. ಸಿಪ್ಪೆ ಕೆಳಗೆ ಅನ್ನ ಹುಗಿದಿದ್ದೆ ನೀನು. ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಮತ್ತೆ ಒಬ್ಬನೇ ಉಣ್ಣಬೇಕಲ್ಲ ಅಂತ. ಹುಡುಗಿ ತನ್ನದೇ ತಪ್ಪು ಅಂತ ಅತ್ತಳು, ಆಗಲೂ ಹೇಳ್ಲಿಲ್ಲ."

"ನೀನು ನೋಡಿದ್ದು ನನಗೆ ಗೊತ್ತಿತ್ತು," ಎಂದಳು ಅಜ್ಜಿ. "ತಟ್ಟೆ ನೋಡದೆ ತೊಳೆಯೋನಲ್ಲ ನೀನು."

ಹೆಂಡತಿ ಸೆರಗಲ್ಲಿ ಕೈ ಒರೆಸಿಕೊಂಡು ಒಳಗೆ ಬಂದಳು.

"ಸಂಜೆ ಅವಳು ಬಂದ ಮೇಲೆ ನೀನೇ ಹೇಳು," ಎಂದಳು ಅಜ್ಜಿ. "ನನ್ನ ಮೇಲೆ ಹಾಕಬೇಡ, ಇವಳ ಮೇಲೂ ಹಾಕಬೇಡ. ಆ ಹುಡುಗಿ ಬೆನ್ನು ಬಗ್ಗಿಹೋಗಿದೆ."

"ಹೇಳ್ತೀನಿ."

"ಹ್ಞೂಂ ಅಂದು ಸುಮ್ಮನಾಗೋನು ನೀನು. ಇವಳ ಎದುರಿಗೆ ಹೇಳಿದೀಯ, ನೆನಪಿರಲಿ."

ಅವನು ಮತ್ತೆ ಚಮಚ ತುಂಬಿ ಹಿಡಿದ. ಅಜ್ಜಿ ಬಾಯಿಗೆ ತೆಗೆದುಕೊಂಡು, ನಿಧಾನವಾಗಿ ಆಡಿಸಿ, ನುಂಗಿದಳು.

"ಉಪ್ಪು ಸಾಲದು," ಎಂದಳು. "ಇನ್ನೊಂದು ಚಿಟಿಕೆ ತಗೊಂಡು ಬಾ."